ಮೊದಲು ಕೇಳಬೇಕಾದದ್ದು: ಯಾರ ಜೊತೆ ಉಣ್ಣುತ್ತೀ?

ಕಲಬುರಗಿ ಕಡೆಯ ಹಳಿ, ವಿಜಯಪುರ–ಇಂಡಿ ಕಡೆಯ ಹಳಿ ಎರಡೂ ಹೋಟಗಿಯಲ್ಲಿ ಕೂಡಿ ಮಹಾರಾಷ್ಟ್ರದ ಸೊಲ್ಲಾಪುರಕ್ಕೆ ಬರುತ್ತವೆ. ಅಕ್ಕಲಕೋಟೆಯ ಹಳ್ಳಿಗಳಿಗಂತೂ ಇದೇ ಪೇಟೆ. ಹಾಗಾಗಿ ಮನೆ ಬಿಟ್ಟ ನಮ್ಮ ಕಡೆಯ ಹುಡುಗ ಮುಂಬೈ ಕನಸು ಕಟ್ಟಿಕೊಂಡು ಹೊರಟರೂ ಮೊದಲು ಇಳಿಯುವುದು ಇಲ್ಲೇ. ಟಿ.ಸಿ. ಇಳಿಸಿರುತ್ತಾನೆ, ಇಲ್ಲವೇ ಹಸಿವೆ ಇಳಿಸಿರುತ್ತದೆ. ಬಿಟ್ಟು ಬಂದ ಕಾರಣಗಳು ಹೊಸವೇನಲ್ಲ. ಅಪ್ಪನ ಕುಡಿತ, ಬಡಿತ, ಫೇಲಾದ ಪರೀಕ್ಷೆ, ಒಡೆದುಹೋದ ಮೊಬೈಲು, ಕಬ್ಬು ಕಡಿಯಲು ಹೋದ ತಂದೆತಾಯಿ ಸುಗ್ಗಿ ಮುಗಿಯುವ ತನಕ ಅಜ್ಜಿಯ ಹತ್ತಿರ ಬಿಟ್ಟದ್ದು.

ಸ್ಟೇಷನ್ನಿನಲ್ಲಿ ಒಂಟಿಯಾಗಿ ಬಹಳ ದಿನ ಬಾಳಲಾಗುವುದಿಲ್ಲ. ಎರಡನೆಯ ದಿನವೋ ಮೂರನೆಯ ದಿನವೋ ಇನ್ನೊಬ್ಬ ಹುಡುಗ ಅರ್ಧ ವಡಾಪಾವ್ ಕೊಟ್ಟು ಮಾತಾಡಿಸುತ್ತಾನೆ. ಅಲ್ಲಿಂದ ಅವನು ಒಂದು ಕೂಟಕ್ಕೆ ಸೇರಿದ ಹಾಗೆ. ಹದಿನಾರು–ಹದಿನೇಳರ ಒಬ್ಬ ಹಿರಿಯ ಭಾಯಿ, ಕೆಲವು ಕಡೆ ಒಬ್ಬ ದೀದಿ, ಕೆಳಗೆ ನಾಲ್ಕೈದು ಚಿಕ್ಕವರು. ಖಾಲಿ ನೀರಿನ ಬಾಟಲಿ ಆರಿಸುವವರು, ಬೋಗಿ ಗುಡಿಸಿ ಕೈಚಾಚುವವರು, ಗುಜರಿ ಅಂಗಡಿಗೆ ಹಾಕಿಬರುವವರು ಬೇರೆ ಬೇರೆ. ಬಂದ ಹಣವನ್ನು ಸಂಜೆಯೊಳಗೆ ಖರ್ಚು ಮಾಡಿಬಿಡುವುದನ್ನು ನೋಡಿ ದುಂದು ಎನ್ನುವವರಿದ್ದಾರೆ. ದುಂದಲ್ಲ, ರಾತ್ರಿ ಜೇಬಿನಲ್ಲಿ ಉಳಿದ ದುಡ್ಡು ಬೆಳಗಿನ ಹೊತ್ತಿಗೆ ದೊಡ್ಡವರ ಪಾಲಾಗಿರುತ್ತದೆ. ಉಳಿಸಲೇಬೇಕೆಂದರೆ ದೀದಿಯ ಹತ್ತಿರ ಇಲ್ಲವೇ ನಂಬಿಗಸ್ತ ಚಹಾದಂಗಡಿ ಕಾಕಾನ ಹತ್ತಿರ ಇಡುತ್ತಾರೆ.

ಮಲಗುವ ರೀತಿಯನ್ನು ಒಮ್ಮೆ ಗಮನಿಸಿದರೆ ಕೂಟದ ಒಳಗಟ್ಟು ತಿಳಿಯುತ್ತದೆ. ಬೆನ್ನಿಗೆ ಗೋಡೆ, ತಲೆಯ ಮೇಲೆ ದೀಪ ಇರುವ ಜಾಗ. ಎಲ್ಲರಿಗಿಂತ ಚಿಕ್ಕವನು ನಡುವೆ, ಚಪ್ಪಲಿ ತಲೆಯ ಅಡಿಗೆ, ಹಿರಿಯವನು ದಾರಿಯ ಕಡೆಗೆ. ಒಬ್ಬ ಎಚ್ಚರ ಇರುತ್ತಾನೆ, ಅವನ ನಿದ್ದೆ ಮರುದಿನ ಮಧ್ಯಾಹ್ನ. ಹಗಲು ಮಲಗಿದ ಹುಡುಗನನ್ನು ಸೋಮಾರಿ ಎಂದು ಒದ್ದು ಎಬ್ಬಿಸುವವರಿಗೆ ಇದು ಗೊತ್ತಿರುವುದಿಲ್ಲ. ಗುಂಪಿನಲ್ಲಿದ್ದರೂ ಅಂಚಿಗೆ, ಒಂದು ಮೊಳ ದೂರ ಮಲಗುವ ಹುಡುಗನ ಮೇಲೆ ಕಣ್ಣಿಡಬೇಕು. ಅವನು ಹೊಸಬನಿರಬೇಕು, ಇಲ್ಲವೇ ಒಳಗಿನವರೇ ಅವನಿಗೆ ಏನೋ ಮಾಡುತ್ತಿರಬೇಕು.

ಇನ್ನು ಸೊಲ್ಯೂಷನ್. ಪಂಕ್ಚರ್ ಅಂಟನ್ನು ಬಟ್ಟೆಗೆ ಹಚ್ಚಿ ಮುಷ್ಟಿಯೊಳಗಿಟ್ಟು ಎಳೆಯುತ್ತಾರೆ. ಬಾಟಲಿ ವೈಟ್ನರ್, ಥಿನ್ನರ್‌ಗಳ ಚಿಲ್ಲರೆ ಮಾರಾಟಕ್ಕೆ 2012ರಲ್ಲೇ ನಿಷೇಧ ಬಿದ್ದಿದೆ, ಆದರೆ ಅಂಟು ಪ್ರತಿ ಸೈಕಲ್ ಅಂಗಡಿಯಲ್ಲೂ ಸಿಗುತ್ತದೆ. ಹಸಿವೆ, ಚಳಿ, ಹೆದರಿಕೆ ಮೂರನ್ನೂ ಅದು ಮರೆಸುತ್ತದೆ. ಕೂಟದಲ್ಲಿ ಅದನ್ನು ಹಂಚಿಕೊಳ್ಳುವುದೂ ಒಂದು ನಂಟು. ಇಲ್ಲಿ ಜೀವಕ್ಕೆ ಸಂಬಂಧಪಟ್ಟ ಒಂದು ಮಾತು: ಆಗಷ್ಟೇ ಎಳೆದ ಹುಡುಗನನ್ನು ಅಟ್ಟಿಸಿಕೊಂಡು ಹೋಗಬೇಡಿ, ಕೂಗಿ ಹೆದರಿಸಬೇಡಿ. ಅಂಟಿನಲ್ಲಿರುವ ಟೊಲುಯಿನ್ ಎಂಬ ದ್ರಾವಕ ಹೃದಯವನ್ನು, ಗಾಬರಿಯಾದಾಗ ಮೈಯಲ್ಲಿ ಉಕ್ಕುವ ಅಡ್ರಿನಲಿನ್‌ಗೆ ಅತಿಸೂಕ್ಷ್ಮ ಮಾಡಿರುತ್ತದೆ. ಓಟ ಮತ್ತು ಗಾಬರಿಯಲ್ಲಿ ಎದೆಬಡಿತ ತಪ್ಪಿ ಅಲ್ಲೇ ಸಾಯಬಹುದು. ಮೆಲ್ಲಗೆ ಮಾತಾಡಿಸಿ ಗಾಳಿಯಾಡುವ ಕಡೆ ಕೂಡಿಸಿ, ಮುಷ್ಟಿಯೊಳಗಿನ ಅಂಟಿನ ಬಟ್ಟೆ ಬಿಡಿಸಿ. ಪ್ರಜ್ಞೆ ತಪ್ಪಿದರೆ ಮಗ್ಗುಲಾಗಿ ಮಲಗಿಸಿ 108ಕ್ಕೆ ಫೋನು ಮಾಡಿ. ಪ್ರಶ್ನೆಗಳೆಲ್ಲ ಅಮಲು ಇಳಿದ ಮೇಲೆ.

ಪ್ರಶ್ನೆಗೂ ಕ್ರಮವಿದೆ. ಹೆಸರು, ಊರು ಮೊದಲೇ ಕೇಳಿದರೆ ಸುಳ್ಳು ಸಿಗುತ್ತದೆ. ಹಿಂದಿಯಲ್ಲಿ ಕೇಳಿದರಂತೂ ಎಲ್ಲರೂ ರಾಜು, ಎಲ್ಲರೂ ಅನಾಥರು. ‘ಊಟಾ ಆತೇನ್ ತಮ್ಮಾ? ಯಾರ ಜೋಡಿ ಉಣ್ತಿ?’ ಎಂದು ಕನ್ನಡದಲ್ಲಿ ಶುರುಮಾಡಿ. ಈ ಎರಡನೆಯ ಪ್ರಶ್ನೆಗೆ ಬರುವ ಹೆಸರುಗಳೇ ಅವನ ಈಗಿನ ಮನೆಮಂದಿ, ಬರೆದುಕೊಳ್ಳಿ. ಊರನ್ನು ಸುತ್ತುಬಳಸಿ ತಿಳಿಯಬೇಕು. ಸಂತೆ ಯಾವ ವಾರ, ಜಾತ್ರೆ ಯಾವ ದೇವರದು, ಹೊಳೆ ಹತ್ತಿರವೋ ದೂರವೋ, ಸಾಲಿ ಮಾಸ್ತರ ಹೆಸರೇನು. ಸಂತೆಯ ವಾರ, ಭೀಮಾ ಹೊಳೆ ಎರಡೂ ಸಿಕ್ಕರೆ ಇಂಡಿಯೋ ಅಫಜಲಪುರವೋ ಎಂದು ಠಾಣೆಗೆ ವಿಚಾರಿಸಬಹುದು. ಅಲ್ಲಿ ಕಾಣೆಯಾದ ದೂರು ಇರಲೇಬೇಕು ಎಂದುಕೊಳ್ಳಬೇಡಿ. ಮಗು ಕಾಣೆಯಾದರೆ ಎಫ್‌ಐಆರ್ ಕಡ್ಡಾಯ ಎಂದು ಸುಪ್ರೀಂ ಕೋರ್ಟ್ 2013ರಲ್ಲೇ ಹೇಳಿದ್ದರೂ, ‘ಆ ಕಡೆ ರಾಜ್ಯದಾಗ ಹೋಗ್ಯಾನ, ಅಲ್ಲೇ ಕೊಡ್ರಿ’ ಎಂದು ತಂದೆತಾಯಿಯನ್ನು ತಿರುಗಿ ಕಳಿಸುವುದು ಗಡಿಯ ಹಳೆಯ ಕಾಯಿಲೆ.

ಕಾನೂನಿನ ದಾರಿ ಹೀಗೆ. ಮಕ್ಕಳ ಸಹಾಯವಾಣಿ 1098ಕ್ಕೆ ಅಥವಾ ರೈಲ್ವೆ ರಕ್ಷಣಾ ಪಡೆಯಾದ ಆರ್‌ಪಿಎಫ್‌ಗೆ ತಿಳಿಸಿ. ಪ್ರಯಾಣದ ಹೊತ್ತು ಬಿಟ್ಟು 24 ಗಂಟೆಯೊಳಗೆ ಮಗುವನ್ನು ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ನಿಲ್ಲಿಸಬೇಕು. ಸಮಿತಿ ಕೂಡದ ದಿನವಾದರೆ ಒಬ್ಬ ಸದಸ್ಯರ ಮುಂದಾದರೂ ನಡೆಯುತ್ತದೆ, 2015ರ ಬಾಲನ್ಯಾಯ ಕಾಯ್ದೆ ಅದಕ್ಕೆ ಅವಕಾಶ ಕೊಟ್ಟಿದೆ. ಹಾಜರುಪಡಿಸುವ ವರದಿ ನಮೂನೆ 17ರಲ್ಲಿ, ಮನೆಯ ಸ್ಥಿತಿಗತಿಯ ಸಾಮಾಜಿಕ ತನಿಖೆ ನಮೂನೆ 22ರಲ್ಲಿ. ತನಿಖೆ 15 ದಿನದೊಳಗೆ ಆಗಬೇಕು. ಸೊಲ್ಲಾಪುರದಿಂದ ವಿಜಯಪುರ ನೂರು ಕಿಲೋಮೀಟರ್ ಆಸುಪಾಸು, ಆದರೆ ನಡುವೆ ರಾಜ್ಯದ ಗಡಿ. ಕಾಗದ ಮರಾಠಿಯಲ್ಲಿ ಹೊರಟು, ಅಲ್ಲಿನ ಸಮಿತಿಗೆ ಕನ್ನಡದಲ್ಲಿ ಅರ್ಥವಾಗಿ, ಬೆಂಗಾವಲು ಪೊಲೀಸರು ಸಿಗುವ ತನಕ ಹುಡುಗ ಬಾಲಗೃಹದಲ್ಲಿ ಮಾತಿಲ್ಲದೆ ಕೂತಿರುತ್ತಾನೆ. ಅವನು ಓಡಿಹೋಗುವುದು ಈ ಅವಧಿಯಲ್ಲೇ. ಎರಡೂ ಭಾಷೆ ಬಲ್ಲ ಒಬ್ಬರು ವರದಿಯ ಕನ್ನಡ ಸಾರಾಂಶವನ್ನು ಮೊದಲ ದಿನವೇ ಕಳಿಸಿದರೆ ಬಹಳಷ್ಟು ದಿನ ಉಳಿಯುತ್ತದೆ.

ಅವನು ಓಡಿಹೋಗುವುದು ಕೂಟದ ಚಿಕ್ಕವನಾದ ಚೋಟುವನ್ನು ಬಿಟ್ಟುಬಂದೆನೆಂಬ ಸಂಕಟಕ್ಕೂ ಹೌದು. ಹುಡುಗರು ಒಂದು ಕಡೆ, ಹುಡುಗಿಯರು ಇನ್ನೊಂದು ಕಡೆ ಎಂಬ ನಿಯಮದಲ್ಲಿ ಕೂಟ ಚದುರುತ್ತದೆ, ಅದನ್ನು ತಪ್ಪಿಸಲಾಗದು. ಆದರೆ ಯಾರು ಎಲ್ಲಿದ್ದಾರೆ ಎಂದು ಅದೇ ಸಂಜೆ ಹೇಳಬಹುದು, ವಾರಕ್ಕೊಮ್ಮೆ ಭೇಟಿ ಮಾಡಿಸಲು ಸಮಿತಿಯನ್ನು ಕೇಳಬಹುದು. ಭಾಯಿಯಿಂದಲೇ ‘ಹೋಗು, ನಾನು ಬರ್ತೀನಿ’ ಎನ್ನಿಸಿದರೆ ಚಿಕ್ಕವನು ನಿಲ್ಲುತ್ತಾನೆ. ನಮ್ಮ ಹತ್ತು ಬುದ್ಧಿಮಾತಿಗೆ ಆ ಬಲ ಇಲ್ಲ.

ಹಾಗೆಂದು ಕೂಟವನ್ನು ಹೊಗಳುತ್ತ ಕೂಡುವಂತಿಲ್ಲ. ಕಾಪಾಡುವ ಕೈಯೇ ದುಡ್ಡು ಕಸಿಯುವುದು, ಬ್ಲೇಡು ತೋರಿಸುವುದು, ಮೈಮುಟ್ಟುವುದು ಉಂಟು. ‘ಇವನು ನನ್ನ ಗಂಡ’ ಎನ್ನುವ ಹದಿನೈದರ ಹುಡುಗಿಯ ಮಾತನ್ನು, ಮಕ್ಕಳ ಮೇಲಿನ ಲೈಂಗಿಕ ಅಪರಾಧಗಳ ಕಾಯ್ದೆಯಾದ ಪೋಕ್ಸೋ ಒಪ್ಪುವುದಿಲ್ಲ; ಗೊತ್ತಾದವರು ವರದಿ ಮಾಡಲೇಬೇಕು. ಆ ಕಡ್ಡಾಯವನ್ನು ಅವಳಿಗೆ ಮೊದಲೇ ತಿಳಿಸಿ, ಆಮೇಲೆ ಕೇಳುವುದು ನ್ಯಾಯ. ಎಲ್ಲ ಹೇಳಿಸಿಕೊಂಡು ಕೊನೆಗೆ ಪೊಲೀಸರನ್ನು ಕರೆದರೆ ಅವಳು ಮತ್ತೆಂದೂ ಯಾರಿಗೂ ಬಾಯಿ ಬಿಡುವುದಿಲ್ಲ.

ಮನೆಗೆ ಮುಟ್ಟಿಸುವ ಆತುರವೂ ಅಪಾಯ. ಬಡಿತಕ್ಕೆ ಓಡಿದವನನ್ನು ಬಡಿಯುವವನ ಕೈಗೇ ಒಪ್ಪಿಸಿ ಫೋಟೋ ತೆಗೆದರೆ, ಎರಡನೆಯ ಸಲ ಅವನು ಸೊಲ್ಲಾಪುರದಲ್ಲಿ ಇಳಿಯದೆ ನೇರ ಮುಂಬೈಗೇ ಹೋಗುತ್ತಾನೆ. ಫೋಟೋ ಪ್ರಕಟಿಸುವುದು ಬಾಲನ್ಯಾಯ ಕಾಯ್ದೆಯ 74ನೆಯ ಕಲಮಿನಡಿ ಅಪರಾಧವೂ ಹೌದು. ಅಪ್ಪನ ಮನೆ ಆಗದಿದ್ದರೆ ಸೋದರಮಾವ, ಅಜ್ಜಿ ಇದ್ದಾರೆಯೇ ನೋಡಬೇಕು. ಬಡತನವೇ ಕಾರಣವಾಗಿದ್ದರೆ ಕೇಂದ್ರದ ಮಕ್ಕಳ ರಕ್ಷಣಾ ಯೋಜನೆಯಾದ ಮಿಷನ್ ವಾತ್ಸಲ್ಯದ ಪ್ರಾಯೋಜಕತ್ವದಲ್ಲಿ ತಿಂಗಳಿಗೆ 4000 ರೂಪಾಯಿ ಸಿಗುವ ದಾರಿಯಿದೆ.

ಎಲ್ಲಕ್ಕಿಂತ ಕಷ್ಟ ಹಿರಿಯ ಭಾಯಿಯದು. ಚಿಕ್ಕವರೆಲ್ಲ ರಕ್ಷಣೆಗೆ ಅರ್ಹರು, ಅವನು ಆರೋಪಿ ಎಂದು ನೋಡುವುದು ರೂಢಿ. ಹದಿನೇಳು ನಡೆಯುತ್ತಿದ್ದರೆ ಅವನೂ ಮಗುವೇ. ವಯಸ್ಸು ಗೊತ್ತುಮಾಡಲು ಶಾಲೆಯ ದಾಖಲೆ, ಪಂಚಾಯ್ತಿ ಜನನ ಪತ್ರ ಮೊದಲು ಹುಡುಕಬೇಕು, ಎಲುಬಿನ ಪರೀಕ್ಷೆ ಕೊನೆಯ ದಾರಿ. 18 ತುಂಬಿದ ಮೇಲಿನ ನೆರವು ಕಾಯ್ದೆಯ 46ನೆಯ ಕಲಮಿನಲ್ಲಿದೆ, ಆದರೆ ಅದು ಸಿಗುವುದು ಬಾಲಗೃಹದಿಂದ ಹೊರಬೀಳುವವರಿಗೆ. ಚಿಕ್ಕವರನ್ನು ಒಪ್ಪಿಸಿ ತಾನು ಪ್ಲಾಟ್‌ಫಾರ್ಮಿನಲ್ಲೇ ಉಳಿದ ಹುಡುಗನಿಗೆ ಆ ಬಾಗಿಲು ಹುಟ್ಟುಹಬ್ಬದ ದಿನ ಮುಚ್ಚುತ್ತದೆ. ಆದ್ದರಿಂದ ಕೂಟದಲ್ಲಿ ಮೊದಲು ವಯಸ್ಸು ಲೆಕ್ಕ ಹಾಕಬೇಕಾದದ್ದು ಅವನದು.