ಪ್ರವಾಸಕ್ಕೆ 120 ರೋಲಿನ ಕ್ಯಾಮೆರಾ: ಟ್ರೈಪಾಡ್ ಬೇಕೇ ಬೇಕಾ?

ಪ್ರಶ್ನೆ: ಬೆಟ್ಟಗುಡ್ಡ ಸುತ್ತೋಕೆ ಒಯ್ಯುವಂಥ ಮೀಡಿಯಂ ಫಾರ್ಮ್ಯಾಟ್ ಫಿಲ್ಮ್ ಕ್ಯಾಮೆರಾ (35 ಎಂಎಂಗಿಂತ ಅಗಲವಾದ 120 ರೋಲ್ ಹಾಕುವಂಥದ್ದು) ಯಾವುದು ಸರ್? ಟ್ರೈಪಾಡ್ ಇಲ್ಲದೆ ಅದು ದಂಡ ಅಂತಾರೆ ಗೆಳೆಯರು, ನಿಜಾನಾ?

ಉತ್ತರ: ಸುಳ್ಳು. ಇದನ್ನು ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಈ ಮಾತು ನಂಬಿ ಎಷ್ಟೋ ಹುಡುಗರು ಕೈಗೆ ಬಂದ ಒಳ್ಳೆ ಕ್ಯಾಮೆರಾ ಬಿಟ್ಟುಬಿಟ್ಟಿದ್ದಾರೆ. ಅದಕ್ಕೇ ಮತ್ತೆ ಬರೆಯುತ್ತಿದ್ದೇನೆ.

ಮನೆಯಲ್ಲಿ ಅಜ್ಜಿಯ ಟ್ರಂಕ್ ತೆಗೆದು ಹಳೇ ಮದುವೆ ಆಲ್ಬಮ್ ನೋಡಿ. ಚೌಕದ ಕಪ್ಪುಬಿಳುಪು ಫೋಟೋಗಳಿರುತ್ತವೆ, ಅಲ್ವಾ? ಅವು ಹೆಚ್ಚಾಗಿ 120 ರೋಲಿನವು. ಧಾರೆ ಎರೆಯುವಾಗ ಮಂಟಪದ ಸುತ್ತ ಅಷ್ಟು ಜನ. ಅಲ್ಲಿ ಟ್ರೈಪಾಡ್ ಊರಲು ಜಾಗ ಎಲ್ಲಿತ್ತು? ಸ್ಟುಡಿಯೋದವರು ಯಾಶಿಕಾ ಕ್ಯಾಮೆರಾ ಕುತ್ತಿಗೆಗೆ ಹಾಕಿಕೊಂಡು, ಫ್ಲಾಶ್ ಹೊಡೆದು, ಕೈಯಲ್ಲೇ ತೆಗೆದರು. ಫ್ಲಾಶ್ ಇತ್ತಲ್ಲ ಅಂತೀರಾ? ನಮ್ಮ ತುಮಕೂರಿನ ಬಿಸಿಲು ಫ್ಲಾಶಿಗಿಂತ ಕಮ್ಮಿಯೇನಲ್ಲ. ಐಎಸ್‌ಒ 400ರ, ಅಂದರೆ ಕಡಿಮೆ ಬೆಳಕೂ ಸಾಕಾಗುವ, ಫಿಲ್ಮ್ ಹಾಕಿದರೆ ಹಗಲಲ್ಲಿ 1/250 ಸೆಕೆಂಡ್ ಷಟರ್ ಸುಲಭವಾಗಿ ಸಿಗುತ್ತದೆ, ಅಷ್ಟರಲ್ಲಿ ಕೈ ಅಲುಗಿದ್ದು ಕಾಣುವುದಿಲ್ಲ.

ಈ ನಂಬಿಕೆ ಹುಟ್ಟಿದ್ದು ಪೆಂಟ್ಯಾಕ್ಸ್ 67 ಥರದ ಕ್ಯಾಮೆರಾಗಳಿಂದ. ಲೆನ್ಸ್ ಸೇರಿ ಎರಡು ಕೆಜಿ ದಾಟುತ್ತದೆ. ಬಟನ್ ಒತ್ತಿದರೆ ಒಳಗಿನ ದೊಡ್ಡ ಕನ್ನಡಿ ಧಡ್ ಎಂದು ಮೇಲೇಳುತ್ತದೆ, ಕೈ ನಡುಗುತ್ತದೆ. ಎರಡು ಲೆನ್ಸಿನ ಯಾಶಿಕಾದಲ್ಲಿ ಕನ್ನಡಿ ಕದಲುವುದೇ ಇಲ್ಲ. ಷಟರ್ ಲೆನ್ಸಿನೊಳಗೇ ಇದೆ. ಪುಟ್ಟ ಎಸಳುಗಳು ತೆರೆದು ಮುಚ್ಚುತ್ತವೆ, ಟಿಕ್ ಅನ್ನುವಷ್ಟೇ ಸದ್ದು. ಸ್ಟ್ರಾಪ್ ಬಿಗಿಯಾಗಿ ಎಳೆದು ಹೊಟ್ಟೆಗೆ ಆನಿಸಿಕೊಂಡರೆ 1/30 ಸೆಕೆಂಡಿನಲ್ಲೂ ತೆಗೆಯಬಹುದು.

ಇನ್ನೊಂದು ಲೆಕ್ಕ ಯಾರೂ ಹಾಕುವುದಿಲ್ಲ. 12 ಇಂಚಿನ ಚೌಕದ ಪ್ರಿಂಟ್ ಮಾಡಬೇಕು ಅಂದುಕೊಳ್ಳಿ. 35 ಎಂಎಂ ನೆಗೆಟಿವ್‌ನ ಗಿಡ್ಡ ಬದಿ 24 ಮಿಲಿಮೀಟರ್. ಅದನ್ನು ಸುಮಾರು 13 ಪಟ್ಟು ಹಿಗ್ಗಿಸಬೇಕು. 120 ರೋಲಿನ ಚೌಕದ ನೆಗೆಟಿವ್ (ಇದಕ್ಕೆ 6×6 ಅಂತಾರೆ) ನಿಜಕ್ಕೂ 56 ಮಿಲಿಮೀಟರ್ ಇರುತ್ತದೆ, ಐದೂವರೆ ಪಟ್ಟು ಸಾಕು. ಕೈ ಅಲುಗಿದ ಗುರುತೂ ಅಷ್ಟೇ ಕಮ್ಮಿ ಹಿಗ್ಗುತ್ತದೆ. ಯಾಶಿಕಾದ್ದು 80 ಎಂಎಂ ಲೆನ್ಸ್ ಆದ್ದರಿಂದ ಅಲುಗಾಟ 35 ಎಂಎಂ ಕ್ಯಾಮೆರಾದ 50 ಎಂಎಂ ಲೆನ್ಸಿಗಿಂತ ಜಾಸ್ತಿ ಬೀಳುತ್ತದೆ, ನಿಜ. ಆದರೆ ಒಂದೂವರೆ ಪಟ್ಟು ಚಿಲ್ಲರೆ ಅಷ್ಟೇ. ಕೂಡಿ ಕಳೆದರೆ ಲಾಭವೇ. ದೇವರಾಯನದುರ್ಗದಲ್ಲಿ ನಸುಕಿನ ಮಂಜು ತೆಗೆಯುವಾಗ ಟ್ರೈಪಾಡ್ ಬೇಕು, ಒಪ್ಪಿದೆ. ಆ ಹೊತ್ತಿಗೆ 35 ಎಂಎಂ ಕ್ಯಾಮೆರಾಗೂ ಬೇಕು.

ಹಾಗಾದರೆ ಯಾವುದು? ಮಧುಗಿರಿ ಬೆಟ್ಟದ ಕಡಿದಾದ ಜಾಗದಲ್ಲಿ ಎರಡೂ ಕೈ ಖಾಲಿ ಇರಬೇಕು. ನನ್ನ ಆಯ್ಕೆ ಯಾಶಿಕಾ ಮ್ಯಾಟ್. ಒಂದು ಕೆಜಿ ಆಸುಪಾಸು, ರೋಲಿಗೆ 12 ಫೋಟೋ. ಅದರದ್ದೇ 124ಜಿ ಮಾದರಿ ಸಿಕ್ಕರೆ ಅದರ ಬೆಳಕು ಅಳೆಯುವ ಮೀಟರ್ ನೆಚ್ಚಿಕೊಳ್ಳಬೇಡಿ. ಅದು ಪಾದರಸದ ಸೆಲ್ಲಿಗೆ ಮಾಡಿದ್ದು, ಆ ಸೆಲ್ ಈಗ ಬರುವುದಿಲ್ಲ. ಮೊಬೈಲಿನ ಮೀಟರ್ ಆಪ್ ಸಾಕು. ಇನ್ನೂ ಹಗುರ ಬೇಕಾದರೆ ಅಗ್ಫಾ ಐಸೊಲೆಟ್ ಥರದ ಮಡಚುವ ಕ್ಯಾಮೆರಾ. ಕೊಳ್ಳುವ ಮೊದಲು ಹಾರ್ಮೋನಿಯಂ ತಿದಿಯಂಥ ಬೆಲ್ಲೋಸ್ ಒಳಗೆ ಕತ್ತಲಲ್ಲಿ ಟಾರ್ಚ್ ಬಿಟ್ಟು ತೂತು ಹುಡುಕಿ. ಆಟೋಫೋಕಸ್ ಬೇಕೆಂದರೆ ಫೂಜಿ ಜಿಎ645 ಇದೆ. ಕೆಟ್ಟರೆ ರಿಪೇರಿ ಕಷ್ಟ.

ಯಾರೂ ಕೇಳದ ಒಂದು ವಿಷಯವನ್ನೂ ಹೇಳಿಬಿಡುತ್ತೇನೆ. ಬಂಡೆ ಮೇಲೆ ಮರವಿಲ್ಲ, ರೋಲ್ ಬದಲಿಸುವುದು ಹೇಗೆ? ಸೂರ್ಯನಿಗೆ ಬೆನ್ನು ಹಾಕಿ, ನಿಮ್ಮದೇ ನೆರಳಲ್ಲಿ ಕೂತು ಬದಲಿಸಿ. 120 ರೋಲಿಗೆ ಡಬ್ಬಿ ಇಲ್ಲ, ಬೆಳಕು ತಡೆಯುವುದು ಫಿಲ್ಮಿನ ಬೆನ್ನಿಗಿರುವ ಕಾಗದ ಒಂದೇ. ಮುಗಿದ ರೋಲ್ ಸಡಿಲವಾದರೆ ಅಂಚಿನಿಂದ ಬೆಳಕು ನುಗ್ಗುತ್ತದೆ. ಬಿಗಿಯಾಗಿ ಹಿಡಿದು, ಕಾಗದದ ಪಟ್ಟಿ ಒದ್ದೆ ಮಾಡಿ ಅಂಟಿಸಿ. ಆಮೇಲೆ ಖಾಲಿಯಾದ ಸ್ಪೂಲ್ (ಫಿಲ್ಮ್ ಸುತ್ತುವ ಉರುಳೆ) ಎಸೆಯಬೇಡಿ. ಅದನ್ನೇ ಆಚೆ ಬದಿಗೆ ಹಾಕಬೇಕು, ಮುಂದಿನ ರೋಲ್ ಸುತ್ತಿಕೊಳ್ಳುವುದು ಅದರ ಮೇಲೇ. ಹಳೇ ಕ್ಯಾಮೆರಾ ಕೊಳ್ಳುವಾಗಲೂ ಹಿಂದಿನ ಬಾಗಿಲು ತೆಗೆದು, ಒಳಗೆ ಒಂದು ಖಾಲಿ ಸ್ಪೂಲ್ ಇದೆಯಾ ನೋಡಿಕೊಳ್ಳಿ.