ಲಿನಕ್ಸ್ ಸೆಕ್ಯುರಿಟಿ ಕಲಿಯೋಕೆ ಹೊರಟ್ರೆ ಯಾರನ್ನ ನಂಬೋದು ಮಾರಾಯ್ರೆ?

ಹೋದ ಮಳೆಗಾಲದಲ್ಲಿ ಶಿರಸಿ ಮನೇಲಿ ಕೂತು ಬೆಂಗಳೂರಲ್ಲಿರೋ ಒಂದು ಸರ್ವರ್‌ಗೆ ಬೀಗ ಹಾಕೋಕೆ ಹೋಗಿ ನಾನೇ ಹೊರಗೆ ಉಳ್ಕೊಂಡೆ. ಯಾವ್ದೋ ವಿಡಿಯೋದಲ್ಲಿ ‘ಮೊದ್ಲು ಪಾಸ್‌ವರ್ಡ್ ಲಾಗಿನ್ ಆಫ್ ಮಾಡಿ’ ಅಂದ, ಮಾಡ್ದೆ, ಎಸ್‌ಎಸ್‌ಎಚ್ (ದೂರದಿಂದ ಸರ್ವರ್‌ಗೆ ಲಾಗಿನ್ ಆಗೋ ದಾರಿ) ರೀಸ್ಟಾರ್ಟ್ ಮಾಡಿ ಟರ್ಮಿನಲ್ಲೂ ಮುಚ್ಚಿದೆ, ಆಮೇಲೆ ನೆನಪಾಯ್ತು, ಪಾಸ್‌ವರ್ಡ್ ಬದ್ಲು ಒಳಗೆ ಬಿಡೋ ನನ್ನ ಕೀ ಫೈಲು ಇನ್ನೂ ಆ ಕಡೆ ಕಳಿಸೇ ಇಲ್ಲ! ಹೋಸ್ಟಿಂಗ್ ಕನ್ಸೋಲ್ ಹಿಡ್ಕೊಂಡು ಒಳಗೆ ಹೋಗೋ ಹೊತ್ತಿಗೆ ಎರಡು ಸಲ ಕರೆಂಟ್ ಹೋಗಿ ಬಂದಿತ್ತು.

ಮೊದಲು ಇದ್ದ ಕಷ್ಟ ಬೇರೆ, ಆಗ ಮಾಹಿತಿನೇ ಇರ್ಲಿಲ್ಲ. 1988ರ ನವೆಂಬರ್‌ನಲ್ಲಿ ಮಾರಿಸ್ ವರ್ಮ್ ಅನ್ನೋ ತಾನೇ ಹರಡೋ ಪ್ರೋಗ್ರಾಂ ಸಾವಿರಾರು ಯುನಿಕ್ಸ್ ಮಷಿನ್ ಮಲಗಿಸಿದ ಮೇಲೆ ಕಾರ್ನೆಗಿ ಮೆಲನ್ ಯೂನಿವರ್ಸಿಟಿಲಿ ಸರ್ಟ್ ಅನ್ನೋ ಸೆಕ್ಯುರಿಟಿ ತುರ್ತು ತಂಡ ಶುರು ಆಯ್ತು. ಆದ್ರೆ ಅವ್ರು ಸಾಫ್ಟ್‌ವೇರ್‌ನಲ್ಲಿ ತೂತು ಗೊತ್ತಾದ್ರೂ ಕಂಪನಿ ಸರಿ ಮಾಡೋವರೆಗೆ ಬಾಯಿ ಬಿಡ್ತಿರ್ಲಿಲ್ಲ. ಅದಕ್ಕೆ ಬೇಜಾರಾದವ್ರೆಲ್ಲ 1993ರಲ್ಲಿ ಶುರುವಾದ ಬಗ್‌ಟ್ರ್ಯಾಕ್ ಅನ್ನೋ ಮೇಲಿಂಗ್ ಲಿಸ್ಟ್‌ನಲ್ಲಿ ಎಲ್ಲಾ ಬಹಿರಂಗ ಮಾಡೋಕೆ ಹತ್ತಿದ್ರು. 1996ರಲ್ಲಿ ಫ್ರ್ಯಾಕ್ ಅನ್ನೋ ಹ್ಯಾಕರ್ ಪತ್ರಿಕೆ ಸ್ಟ್ಯಾಕ್ (ಪ್ರೋಗ್ರಾಂ ಬಳಸೋ ಮೆಮೊರಿಯ ಒಂದು ಭಾಗ) ಒಡೆಯೋದು ಹೇಗೆ ಅಂತ ಲೇಖನನೇ ಹಾಕ್ತು. ವಿಚಿತ್ರ ಅಂದ್ರೆ ಕಾಯೋದು ಕಲಿಯೋಕೂ ಒಡೆಯೋರು ಬರ್ದಿದ್ದನ್ನೇ ಓದ್ಬೇಕಿತ್ತು. 1999ರಲ್ಲಿ ಸಿವಿಇ ಅನ್ನೋ ಪಟ್ಟಿ ಬಂದು ಒಂದು ತೂತಿಗೆ ಒಂದು ನಂಬರ್ ಅಂತ ಆಯ್ತು, ಇಲ್ಲಾಂದ್ರೆ ಒಂದೇ ರೋಗಕ್ಕೆ ಹತ್ತು ಹೆಸರು.

ನಮ್ಮ ಕಡೆ ಇದೆಲ್ಲ ಬಂದಿದ್ದು ಮ್ಯಾಗಜಿನ್ ಜೊತೆ ಸಿಗೋ ಸೀಡಿಲಿ. ಸೈಬರ್ ಕೆಫೆಲಿ ಡೌನ್‌ಲೋಡ್ ಮಾಡೋ ಮಾತೇ ಇಲ್ಲ, 56ಕೆ ಮೋಡೆಮ್ ಫುಲ್ ಸ್ಪೀಡಲ್ಲಿ ಓಡಿದ್ರೂ ಒಂದು ಸೀಡಿಯಷ್ಟು, ಅಂದ್ರೆ 650 ಎಂಬಿ ಇಳಿಯೋಕೆ 25 ಗಂಟೆ ಮೇಲಾಗ್ತಿತ್ತು. ಹಾಗಾಗಿ ಸೀಡಿ ಒಳಗಿನ ಹೌಟೂ (ಹೇಗೆ ಮಾಡೋದು ಅಂತ ಹೇಳೋ) ಫೈಲುಗಳೇ ನಮ್ಗೆ ಗುರು.

ಈಗಿನ ಕಷ್ಟ ಉಲ್ಟಾ. ಹಳೇದು ಸಾಯೋದೇ ಇಲ್ಲ, ಅದೇ ದೊಡ್ಡ ಸಮಸ್ಯೆ. ಡಿಎಸ್‌ಎ ಅನ್ನೋ ಹಳೇ ಬಗೆಯ ಕೀ ಮಾಡ್ಕೊಳ್ಳಿ ಅಂತ ಹೇಳೋ ಪಾಠ ಈಗ್ಲೂ ಹುಡುಕಿದ್ರೆ ಸಿಗತ್ತೆ, ಎಸ್‌ಎಸ್‌ಎಚ್ ಸಾಫ್ಟ್‌ವೇರ್ ಮಾಡೋ ಓಪನ್‌ಎಸ್‌ಎಸ್‌ಎಚ್‌ನವ್ರು ಅದನ್ನ 2015ರಲ್ಲೇ ಡಿಫಾಲ್ಟಾಗಿ ಬಂದ್ ಮಾಡಿ 2025ರಲ್ಲಿ ಬೇರು ಸಮೇತ ಕಿತ್ತಾಯ್ತು. ಡೆಬಿಯನ್ ಅನ್ನೋ ಲಿನಕ್ಸ್ 2019ರಲ್ಲೇ ಎನ್‌ಎಫ್‌ಟೇಬಲ್ಸ್ ಅನ್ನೋ ಹೊಸ ಫೈರ್‌ವಾಲ್‌ಗೆ ಹೋಯ್ತು, ಪಾಠಗಳು ಇನ್ನೂ ಹಳೇ ಐಪಿಟೇಬಲ್ಸ್ ಜಪ ಮಾಡ್ತಾ ಇವೆ. ‘ಆಪ್ಟ್-ಕೀ ಆಡ್’ (ಹೊರಗಿನ ಸಾಫ್ಟ್‌ವೇರ್ ಕೊಡೋರ ಸಹಿ ಕೀನ ಒಪ್ಪಿಸೋ ಕಮಾಂಡ್) ಅಂತೂ ಕೇಳ್ಬೇಡಿ. ಅದ್ರಲ್ಲಿ ಹಾಕಿದ ಕೀನ ಸಿಸ್ಟಮ್ ಎಲ್ಲಾ ರೆಪೊಸಿಟರಿಗೂ (ಸಾಫ್ಟ್‌ವೇರ್ ಉಗ್ರಾಣಕ್ಕೂ) ನಂಬತ್ತೆ, ಅಂದ್ರೆ ಅಡಿಕೆ ಕೊಟ್ಟಿಗೆಗೆ ಅಂತ ಒಬ್ಬಂಗೆ ಕೊಟ್ಟ ಬೀಗದ ಕೈ ದೇವರ ಕೋಣೆಗೂ ಆದ ಹಾಗೆ. ಇನ್ನು ಎಸ್‌ಇಲಿನಕ್ಸ್ (ಯಾವ ಪ್ರೋಗ್ರಾಂ ಏನು ಮುಟ್ಟಬಹುದು ಅಂತ ಕಾಯೋ ಕಾವಲು) ಅಡ್ಡ ಬಂತು ಅಂದ್ರೆ ಎಲ್ರ ಉತ್ತರ ಒಂದೇ, ಆಫ್ ಮಾಡಿ. ತಲೆನೋವಿಗೆ ತಲೆ ತೆಗ್ಯೋ ವೈದ್ಯ!

ಹಾಗಾದ್ರೆ ಅಧಿಕೃತವಾದದ್ದೆಲ್ಲ ಸರಿನಾ? ಅಲ್ಲ. 2006ರಲ್ಲಿ ಡೆಬಿಯನ್‌ನವ್ರೇ ಓಪನ್‌ಎಸ್‌ಎಸ್‌ಎಲ್ (ಕೀ ಹುಟ್ಟಿಸೋಕೆ ಬಳಸೋ ಲೈಬ್ರರಿ) ಒಳಗೆ, ಕೋಡಿನ ತಪ್ಪು ಹುಡುಕೋ ಒಂದು ಟೂಲ್ ಗೊಣಗ್ತಿದೆ ಅಂತ ಕೋಡ್ ತೆಗೆದ್ರು, ಅದು ನೋಡಿದ್ರೆ ರ್‍ಯಾಂಡಮ್ ನಂಬರ್‌ಗೆ ಬೇಕಾದ ಕಚ್ಚಾಮಾಲು ಒದಗಿಸೋ ಕೋಡು. ಉಳಿದಿದ್ದು ಪ್ರೋಸೆಸ್ ಐಡಿ (ಓಡ್ತಿರೋ ಪ್ರೋಗ್ರಾಂನ ನಂಬರ್) ಮಾತ್ರ, ಹಾಗಾಗಿ ಒಂದೊಂದು ಬಗೆಯ ಕೀಗೂ 32,767 ಸಾಧ್ಯತೆ ಅಷ್ಟೇ, ಕೂತು ಒಂದೊಂದಾಗಿ ಟ್ರೈ ಮಾಡಿದ್ರೂ ಸಿಗತ್ತೆ. ಗೊತ್ತಾಗಿದ್ದು 2008ರ ಮೇನಲ್ಲಿ. ಆದ್ರೆ ಡಿಎಸ್‌ಎ-1571 ಅಂತ ಅವ್ರು ಹೊರಡಿಸಿದ ಪ್ರಕಟಣೆ ಓದಿ ನೋಡಿ (ಇಲ್ಲಿ ಡಿಎಸ್‌ಎ ಅಂದ್ರೆ ಪ್ರಕಟಣೆಯ ನಂಬರು, ಮೇಲಿನ ಕೀ ಅಲ್ಲ), ಯಾವ ವರ್ಷನ್‌ನಿಂದ ಕೆಟ್ಟಿದೆ, ಯಾವ ಕೀ ಬಿಸಾಕ್ಬೇಕು, ಎಲ್ಲಾ ಬಿಡಿಸಿ ಹೇಳಿದಾರೆ. ನಂಗೆ ಇಂಥದ್ದರ ಮೇಲೆ ನಂಬಿಕೆ ಜಾಸ್ತಿ, ತಾನು ಮಾಡಿದ ತಪ್ಪನ್ನ ತಾರೀಕು ಹಾಕಿ ಬರ್ಕೊಂಡಿರೋ ಜಾಗ. ‘100% ಹ್ಯಾಕ್ ಪ್ರೂಫ್’ ಅನ್ನೋ ವಿಡಿಯೋದವ್ನು ತಪ್ಪಾಯ್ತು ಅಂತ ಯಾವತ್ತಾದ್ರೂ ಹೇಳಿದ್ದು ಕಂಡಿದೀರಾ?

ಕುಮಟಾದ ಒಬ್ಬ ಕಾಲೇಜು ಹುಡ್ಗ ಮೊನ್ನೆ ಮನೆಗೆ ಬಂದಿದ್ದ, ಎಲ್ಲಿಂದ ಶುರು ಮಾಡ್ಲಿ ಅಂದ. ಮಳೆಗೆ ನೆಟ್ ಸತ್ತಿತ್ತು. ‘ಮ್ಯಾನ್ ಎಸ್‌ಎಸ್‌ಎಚ್‌ಡಿ_ಕಾನ್ಫಿಗ್’ ಹೊಡಿ ಅಂದೆ, ಮಷಿನ್ ಒಳಗೇ ಇರೋ ಎಸ್‌ಎಸ್‌ಎಚ್ ಸೆಟ್ಟಿಂಗ್‌ನ ಕೈಪಿಡಿ ಪುಟ ಬಂತು, ನೆಟ್ ಬೇಡ ಎಂತ ಬೇಡ, ಅವ್ನ ಮಷಿನ್‌ನಲ್ಲಿರೋ ವರ್ಷನ್‌ಗೆ ಸರಿಯಾಗಿ. ದೊಡ್ಡ ಜಿ ಒತ್ತಿ ಕೆಳಗೆ ಹೋಗು ಅಂದೆ. ತೀರಾ ಕೊನೇ ಸಾಲಲ್ಲಿ ತಾರೀಕು ಇತ್ತು, ಅವ್ನು ಅದನ್ನ ಜೋರಾಗಿ ಓದ್ದ.