ಪೀಚ್ ಗಿಡದ ಎಲೆ ಕೀಳುವ ಭಾನುವಾರ

ಡಿಸೆಂಬರ್ ಬಂತೆಂದರೆ ನನಗೆ ಈ ಫೋನ್ ಬಂದೇ ಬರುತ್ತದೆ. "ಸಾರ್, ಪೀಚ್ ಗಿಡ ಹಾಕಿ ನಾಲ್ಕು ವರ್ಷ ಆಯ್ತು. ಎಲೆ ಸೊಂಪಾಗಿದೆ, ಹೂವೇ ಇಲ್ಲ. ಇನ್ನೂ ಸ್ವಲ್ಪ ಗೊಬ್ಬರ ಹಾಕ್ಲಾ?" ಬೇಡ. ಅದಕ್ಕೆ ಬೇಕಿರುವುದು ಚಳಿ.

ಪೀಚ್ ಚಳಿಗಾಲದಲ್ಲಿ ಎಲೆ ಉದುರಿಸಿ ಮಲಗುವ ಗಿಡ. ಸುಮಾರು ಏಳು ಡಿಗ್ರಿಗಿಂತ ಕೆಳಗಿನ ಚಳಿ ಇಂತಿಷ್ಟು ಗಂಟೆ ಸಿಕ್ಕ ಮೇಲೇ ಮೊಗ್ಗು ಕಣ್ಣು ಬಿಡುವುದು. ಎಲ್ಬರ್ಟಾ ಜಾತಿಗೆ ಹತ್ತಿರ ಹತ್ತಿರ 800 ಗಂಟೆ ಬೇಕು. ಬೆಂಗಳೂರಿನಲ್ಲಿ ದಾಖಲಾದ ಅತಿ ಕಡಿಮೆ ಉಷ್ಣಾಂಶವೇ 7.8 ಡಿಗ್ರಿ, ಅದೂ 1884ರ ಜನವರಿಯಲ್ಲಿ. ಕೆಲಸ ಶುರು ಮಾಡಿದ ಹೊಸದರಲ್ಲಿ ನಾನೇ ಒಂದು ಮನೆಯಲ್ಲಿ ಚಳಿ ಪ್ರದೇಶದ ಗಿಡ ಹಾಕಿಸಿದ್ದೆ. ಆರು ವರ್ಷ ಕಾದರು, ಒಂದು ಕಾಯಿಯೂ ಬಿಡಲಿಲ್ಲ. ಆ ಮನೆಯ ಅಜ್ಜಿಗೆ ಹಣ್ಣು ತಿನ್ನಿಸಲು ಆಗಲಿಲ್ಲವಲ್ಲ ಎಂಬ ಬೇಜಾರು ಇನ್ನೂ ಇದೆ.

ಹಾಗಾಗಿ ಗಿಡ ತರುವಾಗಲೇ ಜಾತಿ ಕೇಳಿ. ಫ್ಲೋರ್ಡಾಪ್ರಿನ್ಸ್‌ನಂಥ, ಕಡಿಮೆ ಚಳಿ ಸಾಕಾಗುವ ಕಸಿ ಗಿಡವೇ ಬೇಕು. ಅದಕ್ಕೂ ಸುಮಾರು 150 ಗಂಟೆ ಚಳಿ ಬೇಕು, ನಮ್ಮಲ್ಲಿ ಅಷ್ಟೂ ಇಲ್ಲ ಅಲ್ವಾ? ಉಳಿದದ್ದನ್ನು ಕೈಯಿಂದ ಮಾಡಬೇಕು. ಡಿಸೆಂಬರ್ ಮೊದಲಲ್ಲಿ ಎರಡು ಮೂರು ವಾರ ನೀರು ಕಡಿಮೆ ಮಾಡಿ, ಆಮೇಲೆ ಅಷ್ಟೂ ಎಲೆ ಕಿತ್ತುಬಿಡಿ. ಮೊಗ್ಗು ಗಾಢ ನಿದ್ದೆಗೆ ಜಾರುವ ಮೊದಲೇ ಎಲೆ ಹೋದರೆ ಅದು ಒಡೆದು ಹೂ ಬಿಡುತ್ತದೆ. ಜಾವಾ ದ್ವೀಪದಲ್ಲಿ ಸೇಬಿನ ಬೆಳೆ ತೆಗೆಯುವುದೂ ಹೀಗೇ ಎಲೆ ಕಿತ್ತು.

ಜಯನಗರದ ಒಂದು ಮನೆಯಲ್ಲಿ ಇದು ಹಬ್ಬವೇ ಆಗಿದೆ. ಕ್ರಿಸ್‌ಮಸ್ ರಜೆಯ ಭಾನುವಾರ ಮಕ್ಕಳು, ಮೊಮ್ಮಕ್ಕಳು ಎಲ್ಲ ಸೇರುತ್ತಾರೆ. ತಾತ ಗಿಡದ ಪಕ್ಕ ಕುರ್ಚಿ ಹಾಕಿಕೊಂಡು, "ಕೆಳಕ್ಕೆ ಎಳೀಬೇಡ ಪುಟ್ಟಿ, ಮೇಲಕ್ಕೆ, ಕಡ್ಡಿಯ ತುದಿ ಕಡೆಗೆ" ಎಂದು ಹೇಳಿಕೊಡುತ್ತಾರೆ. ಕೆಳಕ್ಕೆ ಎಳೆದರೆ ಎಲೆಯ ಬುಡದ ಮೊಗ್ಗು ಸಿಪ್ಪೆಯ ಸಮೇತ ಕಿತ್ತು ಬರುತ್ತದೆ. ಆ ಮೊಗ್ಗನ್ನು ಹತ್ತಿರದಿಂದ ನೋಡಿ. ಒಂದೊಂದು ಗೆಣ್ಣಿನಲ್ಲಿ ಮೂರು ಇರಬಹುದು: ನಡುವಿನ ಸಣಕಲು ಮೊಗ್ಗು ಎಲೆಯದು, ಅಕ್ಕಪಕ್ಕದ ದುಂಡನೆಯ ಎರಡು ಹೂವಿನವು. ಇವು ಬರುವುದು ಹಿಂದಿನ ವರ್ಷ ಬೆಳೆದ ಕಡ್ಡಿಯಲ್ಲಿ ಮಾತ್ರ. ಆ ಕಡ್ಡಿಗಳನ್ನೆಲ್ಲ ಸುಮ್ನೆ ಚೊಕ್ಕಟವಾಗಿ ಕತ್ತರಿಸಿಬಿಟ್ಟರೆ ಆ ವರ್ಷದ ಹಣ್ಣು ಹೋಯಿತು. ಕತ್ತರಿ ಆಡಿಸುವುದು ಹಣ್ಣು ಮುಗಿದ ಮೇಲೆ.

ಜನವರಿಯಲ್ಲಿ ಬೋಳು ಕಡ್ಡಿಯ ತುಂಬ ಗುಲಾಬಿ ಬಣ್ಣದ ಹೂ. ಒಂದೇ ಗಿಡವಿದ್ದರೂ ಕಾಯಿ ಕಟ್ಟುತ್ತದೆ. ಕಾಯಿ ಗೋಲಿಯಷ್ಟಾದಾಗ ಒಂದು ಗೇಣಿಗೆ ಒಂದೇ ಉಳಿಸಿ ಮಿಕ್ಕಿದ್ದು ಕಿತ್ತುಹಾಕಿ. ಇದಕ್ಕೆ ಯಾರಿಗೂ ಮನಸ್ಸು ಬರುವುದಿಲ್ಲ, ಆದರೆ ಕೀಳದಿದ್ದರೆ ಎಲ್ಲವೂ ಬರೀ ಓಟೆ, ಸಿಪ್ಪೆ. ಆಮೇಲೆ ಹಣ್ಣುನೊಣದ ಕಾಟ. ಕಾಯಿ ಬಲಿಯುವ ಮೊದಲೇ ಒಂದೊಂದಕ್ಕೂ ಬಟ್ಟೆ ಚೀಲ ಕಟ್ಟಿ. ಬುಡದಲ್ಲಿ ನೀರು ನಿಲ್ಲಬಾರದು.

ಹೂವಾಗಿ ಎಂಬತ್ತು ದಿನದ ಸುಮಾರಿಗೆ, ಅಂದರೆ ಯುಗಾದಿ ಆಚೀಚೆ, ಹಣ್ಣು. ಕೆಂಪು ನೋಡಿ ಮೋಸ ಹೋಗಬೇಡಿ. ಕೆಂಪಿನ ಹಿಂದಿನ ಹಸಿರು ಹಳದಿಗೆ ತಿರುಗಬೇಕು, ಮೂಗಿನ ಹತ್ತಿರ ಹಿಡಿದರೆ ಘಮ ಬರಬೇಕು. ಜಯನಗರದ ಆ ಮನೆಯಲ್ಲಿ ದೋರೆಗಾಯಿಗೆ ಉಪ್ಪು ಖಾರ ಹಚ್ಚಿ ತಿನ್ನುತ್ತಾರೆ, ಮೆತ್ತಗಾದದ್ದಕ್ಕೆ ಬೆಲ್ಲ ಹಾಕಿ ಗೊಜ್ಜು. ಓಟೆ ಒಡೆದು ಒಳಗಿನ ಬೀಜ ತಿನ್ನಲು ಮಾತ್ರ ಮಕ್ಕಳನ್ನು ಬಿಡಬೇಡಿ, ಅದರಲ್ಲಿ ವಿಷದ ಅಂಶವಿದೆ.

ನಿಮ್ಮ ಗಿಡದಲ್ಲಿ ಇನ್ನೂ ಹಳೇ ಎಲೆ ಇದೆಯಾ? ನೀರು ಇವತ್ತೇ ಕಡಿಮೆ ಮಾಡಿ. ರಜೆಯ ಭಾನುವಾರ ಮನೆಯವರನ್ನೆಲ್ಲ ಕರೆಯಿರಿ.